ಟ್ರೋಲ್‌ಗೆ ಬೆಂಕಿ ಹಚ್ಚಬಹುದಾ?

ನಾನು ಗೆಳೆಯರಿಗೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅನ್ನುವ, ಮೇಜಿನ ಸುತ್ತ ಕೂತು ಕಥೆ ಕಟ್ಟುತ್ತಾ ಆಡುವ ಆಟ ಆಡಿಸುತ್ತೇನೆ. ಹೊಸಬರು, ಹಳಬರು ಎಲ್ಲರೂ ಕೇಳುವ ಪ್ರಶ್ನೆ ಇದು: "ಎದುರಿಗೆ ಟ್ರೋಲ್ ಅನ್ನೋ ದೈತ್ಯ ಪ್ರಾಣಿ ನಿಂತಿದೆ. ಅದನ್ನು ಕೊಲ್ಲೋಕೆ ಬೆಂಕಿ ಬೇಕು ಅಂತ ನನಗೆ ಗೊತ್ತು, ನನ್ನ ಪಾತ್ರಕ್ಕೆ ಗೊತ್ತಿಲ್ಲ. ಏನು ಮಾಡಲಿ?"

ಬೆಂಕಿ ಹಚ್ಚಿ ಅನ್ನುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರ ಆಡುತ್ತಾರೆ. ಕಥೆ ನಡೆಸುವುದು, ಶತ್ರುಗಳನ್ನು ಆಡಿಸುವುದು ಡಿಎಂ (ಡಂಜನ್ ಮಾಸ್ಟರ್) ಕೆಲಸ. 2014ರ ನಿಯಮದ ಪ್ರಕಾರ ಟ್ರೋಲ್‌ಗೆ ತನ್ನ ಪ್ರತಿ ಸರದಿಯ ಶುರುವಿನಲ್ಲಿ 10 ಹಿಟ್ ಪಾಯಿಂಟ್ (ಜೀವದ ಅಂಕ) ವಾಪಸ್ ಬರುತ್ತದೆ. ಬೆಂಕಿಯೋ ಆಸಿಡ್ಡೋ ತಗುಲಿದರೆ ಅದರ ಮುಂದಿನ ಸರದಿಗೆ ಬರುವುದಿಲ್ಲ.

ಗೊತ್ತಿಲ್ಲದವರ ಹಾಗೆ ನಟಿಸುವುದೇ ಪ್ರಾಮಾಣಿಕ ಆಟ ಅಂತ ತುಂಬಾ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಈ ಗುಟ್ಟು ನಿಜಕ್ಕೂ ಗೊತ್ತಿಲ್ಲದ ಮಂತ್ರವಾದಿ ಮೊದಲ ಸರದಿಯಲ್ಲೇ ಫೈರ್ ಬೋಲ್ಟ್ ಅನ್ನುವ ಬೆಂಕಿಯ ಮಂತ್ರ ಹೊಡೆಯಬಹುದು. ಅವನು ದಿನಾ ಹೊಡೆಯುವುದೇ ಅದು. ಗುಟ್ಟು ಗೊತ್ತಿದೆ ಅನ್ನುವ ಕಾರಣಕ್ಕೇ ಆಟಗಾರ ಅದನ್ನು ಬಿಟ್ಟರೆ, ಆಗಲೂ ಆಡಿದ್ದು ಆಟಗಾರನ ತಿಳಿವಳಿಕೆಯೇ ಅಲ್ವಾ? ಮೇಲಾಗಿ ಟ್ರೋಲ್ ಓಡಾಡುವ ಸೀಮೆಯಲ್ಲಿ ಬೆಳೆದವರು ಅದರ ಬಗ್ಗೆ ಒಂದು ಮಾತೂ ಕೇಳಿಲ್ಲ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಅನುಮಾನ ಇದ್ದರೆ ಡಿಎಂ ಒಂದು ಇಂಟೆಲಿಜೆನ್ಸ್ ಚೆಕ್ (ಪಾತ್ರಕ್ಕೆ ಗೊತ್ತಿದೆಯಾ ಅಂತ ದಾಳ ಹಾಕಿ ನೋಡುವುದು) ಹಾಕಿಸಲಿ. ದಾಳ ಕೈಕೊಟ್ಟರೂ ಪರವಾಗಿಲ್ಲ. ಕಡಿದ ಗಾಯ ಕಣ್ಣೆದುರೇ ಕೂಡಿಕೊಳ್ಳುತ್ತಿದೆ ಅಂತ ಬಣ್ಣಿಸಿದರೆ, ಕತ್ತಿಯಿಂದ ಕೆಲಸ ಆಗಲ್ಲ ಅನ್ನುವುದು ಯಾವ ಪಾತ್ರಕ್ಕಾದರೂ ಹೊಳೆಯುತ್ತದೆ.

ನನಗೆ ನಿಜವಾಗಿ ಬೇಜಾರಾಗುವುದು ಬೇರೆ ಕಡೆ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದು ಬಿದ್ದವರು ಪ್ರತಿ ಸರದಿಯಲ್ಲೂ 20 ಮುಖದ ದಾಳ ಹಾಕಬೇಕು. 10 ಅಥವಾ ಜಾಸ್ತಿ ಬಂದರೆ ಗೆಲುವು, ಇಲ್ಲದಿದ್ದರೆ ಸೋಲು. ಮೂರು ಗೆದ್ದರೆ ಜೀವ ನಿಲ್ಲುತ್ತದೆ, ಮೂರು ಸೋತರೆ ಹೋಗುತ್ತದೆ. ಎಲ್ಲರ ಮುಂದೆ ಹಾಕಿದರೆ ಸುತ್ತಲಿನವರ ಲೆಕ್ಕ ಶುರು: "ಅವಳು ಇನ್ನೂ ಒಂದೂ ಸೋತಿಲ್ಲ, ಈ ಸರದಿ ನಾನು ಹೊಡಿತೀನಿ, ಆಮೇಲೆ ನೋಡೋಣ." ಗೆಳತಿ ರಕ್ತದ ಮಡುವಿನಲ್ಲಿ ಬಿದ್ದಿರುವುದನ್ನು ನೋಡುತ್ತಿರುವ, ಮಂತ್ರದಿಂದ ಗಾಯ ವಾಸಿ ಮಾಡುವ ಕ್ಲೆರಿಕ್‌ಗೆ ಈ ಲೆಕ್ಕ ಎಲ್ಲಿಂದ ಬರಬೇಕು? ಅದಕ್ಕೇ ನಮ್ಮ ಆಟದಲ್ಲಿ ಆ ದಾಳವನ್ನು ನನಗೆ ಮಾತ್ರ ಕಾಣುವ ಹಾಗೆ ಹಾಕುತ್ತಾರೆ. ಈಗ ಯಾರಾದರೂ ಬಿದ್ದರೆ ಕ್ಲೆರಿಕ್ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾನೆ. ನಟನೆ ಮಾಡಿ ಅಂತ ನಾನು ಯಾರಿಗೂ ಹೇಳಬೇಕಾಗಿಲ್ಲ.

ತಂಡ ಚದುರಿದಾಗಲೂ ಇದೇ ಕಷ್ಟ. ಒಬ್ಬ ಗೋಡೆಯಾಚೆ ಒಂಟಿಯಾಗಿ ಹೊಡೆದಾಡುತ್ತಿರುತ್ತಾನೆ. ಮೇಜಿನ ಸುತ್ತ ಕೂತವರಿಗೆಲ್ಲ ಅದು ಗೊತ್ತು, ಅವರ ಪಾತ್ರಗಳಿಗೆ ಗೊತ್ತಿಲ್ಲ. ಇಲ್ಲಿ ಮಾತ್ರ ನಾನು ಬಿಗಿ: ಸದ್ದು ಕೇಳಿಸದೆ ಯಾರೂ ಆ ಕಡೆ ಓಡುವಂತಿಲ್ಲ. ಆದರೆ ಸರದಿಯಲ್ಲಿ ಒಂದು ಮಾತು ಕೂಗುವುದಕ್ಕೆ ಆಕ್ಷನ್ (ಆ ಸರದಿಯಲ್ಲಿ ಮಾಡಬಹುದಾದ ಮುಖ್ಯ ಕೆಲಸ) ಖರ್ಚಾಗುವುದಿಲ್ಲ. ಸಿಕ್ಕಿಬಿದ್ದವರಿಗೆ ಅದನ್ನು ನಾನೇ ನೆನಪಿಸುತ್ತೇನೆ.