ಮಲ್ಪೆಯಿಂದ ಬಂದ ಮೋಟಾರು, ಹಿರಿಯೂರಿನ ನೀರು

ಕಡಲಲ್ಲಿ ದುಡಿದ ಔಟ್‌ಬೋರ್ಡ್ ಮೋಟಾರನ್ನು (ದೋಣಿಯ ಹಿಂಬದಿಗೆ ಬಿಗಿಯುವ ಎಂಜಿನ್) ಸೆಕೆಂಡ್ ಹ್ಯಾಂಡಿಗೆ ಕೊಂಡು ವಾಣಿವಿಲಾಸ ಸಾಗರದ ಹಿನ್ನೀರಿಗೆ ಇಳಿಸುವವರು, ಅದರ ಒಳಗನ್ನು ತೊಳೆಯುವುದಕ್ಕೇ ಒಂದು ಪೂರ್ತಿ ದಿನ ಎತ್ತಿಡಬೇಕು. ಮಲ್ಪೆ ಕಡೆಯಿಂದ ಗೂಡ್ಸ್ ಗಾಡಿಯಲ್ಲಿ ಬಂದ 9.9 ಎಚ್‌ಪಿ, ಎರಡು ಸಿಲಿಂಡರಿನ, ಟೂ ಸ್ಟ್ರೋಕ್ ಪೆಟ್ರೋಲ್ ಮೋಟಾರೊಂದಕ್ಕೆ ಹಿರಿಯೂರಿನ ಹತ್ತಿರದ ತೋಟದ ಮನೆಯಲ್ಲಿ ಮೊನ್ನೆ ಭಾನುವಾರ ನಾವು ಮಾಡಿದ ಕೆಲಸ ಇದು.

ಶುರು ಮಾಡುವ ಮುಂಚೆಯೇ ಒಂದು ಮಾತು ಬಂತು. “ಅಣ್ಣಾ, ಡ್ಯಾಮಿನದು ಹೆಂಗೂ ಸಿಹಿ ನೀರು. ನಾಕು ದಿನ ಓಡ್ಸಿದ್ರೆ ತಾನೇ ತೊಳ್ಕೊಳ್ತೈತಲ್ಲ?” ತೊಳೆದುಕೊಳ್ಳುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೋಟಾರು ನಿಂತ ಮೇಲೆ ಸಿಲಿಂಡರಿನ ಸುತ್ತಲಿನ ಸಣ್ಣ ದಾರಿಗಳಲ್ಲಿ ಉಳಿದ ನೀರು ಆರುತ್ತದೆ, ಉಪ್ಪು ಅಲ್ಲೇ ಗಟ್ಟಿ ಕೂರುತ್ತದೆ, ಅದರಡಿಯಲ್ಲಿ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಇವೆರಡೂ ಸೇರಿ ದಾರಿ ಕಿರಿದಾದಾಗ ಸುಮ್ಮನೆ ಐಡಲ್‌ನಲ್ಲಿದ್ದ ಎಂಜಿನ್ ಏನೂ ತೋರಿಸಿಕೊಳ್ಳುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಜಲಾಶಯದ ನಡುವೆ ಹೋದಾಗ ಬಿಸಿಯೇರಿ ಪಿಸ್ಟನ್ ಒಳಗೇ ಕಚ್ಚಿಕೊಳ್ಳುತ್ತದೆ.

ನೀರು ಹೋಗುವ ದಾರಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಪ್ರೊಪೆಲ್ಲರಿನ ಮೇಲೆ, ಗೇರ್‌ಕೇಸಿನ ಪಕ್ಕದ ಜಾಲರಿಯಿಂದ ನೀರು ಒಳಗೆ ಬರುತ್ತದೆ. ಡ್ರೈವ್ ಶಾಫ್ಟಿಗೆ ಸಿಕ್ಕಿಸಿದ ರಬ್ಬರ್ ಇಂಪೆಲ್ಲರ್ (ಪಂಪಿನೊಳಗಿನ ಎಸಳುಗಳ ಚಕ್ರ) ಅದನ್ನು ಒಂದು ಕೊಳವೆಯಲ್ಲಿ ಮೇಲಕ್ಕೆ ದೂಡುತ್ತದೆ. ಸಿಲಿಂಡರ್ ಸುತ್ತಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ತೆರೆಯುವ ವಾಲ್ವು) ದಾಟಿ, ಹೊಗೆಯ ಜೊತೆ ಕೆಳಗೆ ಹೊರಬೀಳುತ್ತದೆ. ಪಕ್ಕದಲ್ಲಿ ಸಣ್ಣ ತೂತಿನಿಂದ ಚಿಮ್ಮುವ ನೀರು ಪಂಪು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು, ಅಷ್ಟೇ. ಹಲವು ಮೋಟಾರುಗಳಲ್ಲಿ ಆ ಧಾರೆ ಥರ್ಮೋಸ್ಟಾಟಿಗೆ ಮುಂಚೆಯೇ ಕವಲೊಡೆಯುತ್ತದೆ. ಧಾರೆ ಜೋರಾಗಿದೆ ಎಂದು ಎರಡು ನಿಮಿಷಕ್ಕೆ ನಿಲ್ಲಿಸಿದರೆ ಥರ್ಮೋಸ್ಟಾಟಿನ ಆಚೆಗಿನ ಉಪ್ಪು ಹಾಗೆಯೇ ಉಳಿಯುತ್ತದೆ. ತೊಳೆಯುವುದರಲ್ಲಿ ಎಲ್ಲರೂ ಎಡವುವ ಜಾಗ ಇದು.

ಹಳೇ ಮೋಟಾರನ್ನು ಇಂಪೆಲ್ಲರ್ ನೋಡದೆ ಚಾಲೂ ಮಾಡಬಾರದು. ಗೇರ್‌ಕೇಸ್ ಇಳಿಸಿ ಪಂಪಿನ ಮುಚ್ಚಳ ತೆಗೆದಾಗ ಎಸಳುಗಳೆಲ್ಲ ಒಂದೇ ಕಡೆ ಬಾಗಿ, ಬೆರಳಲ್ಲಿ ನೆಟ್ಟಗೆ ಮಾಡಿದರೂ ಮತ್ತೆ ಮಲಗುತ್ತಿದ್ದವು. ಒಂದು ಎಸಳಿನ ತುದಿ ಇರಲೇ ಇಲ್ಲ. ಹೊಸ ಇಂಪೆಲ್ಲರ್ ಹಾಕಿದ ಮಾತ್ರಕ್ಕೆ ಇಲ್ಲಿಗೆ ಮುಗಿಯುವುದಿಲ್ಲ, ಆ ಚೂರನ್ನು ಹುಡುಕಲೇಬೇಕು. ನೀರಿನ ಜೊತೆ ಮೇಲೆ ಹೋದ ರಬ್ಬರ್ ಎಲ್ಲೋ ಒಂದು ಕಿರಿದಾದ ತಿರುವಿನಲ್ಲಿ ಸಿಕ್ಕಿರುತ್ತದೆ. ಕೊಳವೆಯಲ್ಲಿ ಸಿಗಲಿಲ್ಲ. ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟು ಬಿಚ್ಚಿದಾಗ ಅಲ್ಲಿತ್ತು: ಹುಣಸೆ ಬೀಜದಷ್ಟು ಕಪ್ಪು ರಬ್ಬರು, ಮೇಲೆಲ್ಲ ಉಪ್ಪಿನ ಹರಳು. ಹೊಸದನ್ನು ಕೂರಿಸುವಾಗ ಅದನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಲೋಹದ ಕೀಲಿಯನ್ನು ಶಾಫ್ಟಿನ ತೋಡಿನಲ್ಲಿ ಸರಿಯಾಗಿ ಇಟ್ಟು, ಎಸಳಿಗೆ ಸೋಪಿನ ನೀರು ಸವರಿ, ಎಂಜಿನ್ ತಿರುಗುವ ದಿಕ್ಕಿಗೇ ಶಾಫ್ಟನ್ನು ತಿರುಗಿಸುತ್ತಾ ಮುಚ್ಚಳವನ್ನು ಕೆಳಗೆ ಒತ್ತಬೇಕು. ಸಾಮಾನ್ಯವಾಗಿ ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕು.

ಥರ್ಮೋಸ್ಟಾಟನ್ನು ಹೊರಗೇ ಬಿಟ್ಟು, ಮುಚ್ಚಳ ಹಾಕುವ ಮುಂಚೆ ಆ ಬಾಯಿಗೆ ನೀರಿನ ಪೈಪು ಹಿಡಿದು ಹಿಂದುಮುಂದಾಗಿ ಹರಿಸಿದೆವು. ಎಂಜಿನ್ ಬಂದ್, ಪ್ಲಗ್ಗುಗಳು ಅವುಗಳ ಜಾಗದಲ್ಲೇ. ಕೆಳಗಿನಿಂದ ಮೊದಲು ಕಂದು ನೀರು, ಆಮೇಲೆ ಬಿಳಿ ಚಕ್ಕೆ, ಕೊನೆಗೆ ಒಂದಿಷ್ಟು ಕಡಲ ಮರಳು ಬಂತು. ಮುಂದಿನಿಂದ ಎಷ್ಟು ಒತ್ತಿದರೂ ಬಾರದ ಕಸ ಹಿಂದಿನಿಂದ ಒತ್ತಿದಾಗ ಸಡಿಲವಾಗುತ್ತದೆ.

ನಂತರ ಡ್ರಮ್ಮು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ಹಿಂದೆ ಗಟ್ಟಿ ಮರದ ಹಲಗೆ ನಿಲ್ಲಿಸಿ ಮೋಟಾರನ್ನು ಅದಕ್ಕೆ ಬಿಗಿಯಬೇಕು. ಪ್ರೊಪೆಲ್ಲರ್ ಬಿಚ್ಚಿಡಿ, ಇಲ್ಲದಿದ್ದರೆ ಅದು ಅರ್ಧ ನೀರನ್ನು ಹೊರಗೆ ಚೆಲ್ಲಿ ಪಂಪಿಗೆ ಗಾಳಿ ಕುಡಿಸುತ್ತದೆ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ನಾಲ್ಕೈದು ಇಂಚು ಮುಳುಗಿರಲಿ. ಮೊದಲು ನೀರು, ಆಮೇಲೆ ಸ್ಟಾರ್ಟು. ನಿಲ್ಲಿಸುವಾಗ ಮೊದಲು ಎಂಜಿನ್, ಆಮೇಲೆ ನೀರು. ಒಣ ಪಂಪಿನಲ್ಲಿ ರಬ್ಬರ್ ಸುಡುವುದಕ್ಕೆ ನಿಮಿಷವೂ ಬೇಡ. ಅರ್ಧ ನಿಮಿಷದಲ್ಲಿ ಧಾರೆ ಬಾರದಿದ್ದರೆ ಬಂದ್ ಮಾಡಿ ಕಾರಣ ಹುಡುಕಿ. ನ್ಯೂಟ್ರಲ್, ಐಡಲ್, ಹೆಚ್ಚೆಂದರೆ 1,000 ಆರ್‌ಪಿಎಂ. ಬಯಲಲ್ಲೇ ಮಾಡಿ. ಶೆಡ್ಡಿನೊಳಗೆ ಹೊಗೆ ತುಂಬಿದರೆ ಜೀವಕ್ಕೆ ಅಪಾಯ.

ನೀರಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯದ್ದು ಬೇರೆಯೇ ಕಥೆ. ಬೋರ್‌ವೆಲ್ ನೀರಲ್ಲಿ ಗಡಸುತನ ವಿಪರೀತ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣ ಎಂಜಿನ್ನಿನ ಬಿಸಿ ಗೋಡೆಗೂ ಕಟ್ಟುತ್ತದೆ. ಹಾಗಂತ ಬೋರ್ ನೀರು ಬೇಡವೆನ್ನುವುದು ತಪ್ಪು. ಲೀಟರಿಗೆ 35 ಗ್ರಾಂ ಉಪ್ಪಿನ ನೀರು ಕುಡಿದ ಎಂಜಿನ್ನಿಗೆ ಒಂದು ಗ್ರಾಂ ಉಪ್ಪಿನ ನೀರು ತೊಳೆಯುವ ನೀರೇ. ಮೊದಲ ಸುತ್ತುಗಳೆಲ್ಲ ಬೋರ್ ನೀರಲ್ಲಿ ಆಗಲಿ, ಕೊನೆಯದು ಮಾತ್ರ ಮೆದು ನೀರಲ್ಲಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ತಂದು, ಎಂಜಿನ್ ನಿಲ್ಲಿಸಿ ತಣಿದ ಮೇಲೆ ಥರ್ಮೋಸ್ಟಾಟಿನ ಬಾಯಿಂದ ನಿಧಾನ ಸುರಿದರೆ ಸಾಕು. ಒಳಗೆ ಆರುವ ಕೊನೆಯ ಹನಿ ಆ ನೀರಿನದ್ದಾಗಿರಬೇಕು.

ಉಪ್ಪು ಹೋಯಿತೇ ಎಂದು ತಿಳಿಯಲು ಆರ್‌ಒ ರಿಪೇರಿಯವರ ಜೇಬಲ್ಲಿರುವ ಟಿಡಿಎಸ್ ಮೀಟರೇ ಸಾಕು; ನೀರಲ್ಲಿ ಕರಗಿದ ಲವಣವನ್ನು ಅದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ನಾವು ತುಂಬಿದ ಬೋರ್ ನೀರು 900ರ ಆಸುಪಾಸು ತೋರಿಸಿತು. ಹತ್ತು ನಿಮಿಷ ಓಡಿದ ಮೇಲೆ ಡ್ರಮ್ಮಿನ ನೀರು 980. ಅದನ್ನು ಚೆಲ್ಲಿ ಹೊಸದು ತುಂಬಿ ಓಡಿಸಿದ ಮೇಲೆ 920. ಮೂರನೇ ಸಲ ಹೆಚ್ಚುಕಡಿಮೆ ತುಂಬಿದ ನೀರಿನಷ್ಟೇ. ಹೊಗೆಯೂ ಅದೇ ನೀರಿಗೆ ಸೇರುವುದರಿಂದ ಅಂಕಿಯನ್ನು ಪೂರ್ತಿ ನಂಬಬೇಡಿ, ಸುತ್ತಿನಿಂದ ಸುತ್ತಿಗೆ ವ್ಯತ್ಯಾಸ ಇಳಿಯುತ್ತಿದೆಯೇ ನೋಡಿ. ಡ್ರಮ್ಮಿನ ನೀರು ಕೈಗೆ ಬೆಚ್ಚಗಾದರೆ ಬದಲಿಸಿ.

ಥರ್ಮೋಸ್ಟಾಟನ್ನು ರಾತ್ರಿಯಿಡೀ ಬಿಳಿ ವಿನೆಗರಿನಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ. ಟಾಯ್ಲೆಟ್ಟಿನ ಆಸಿಡ್ ಮಾತ್ರ ಎಂಜಿನ್ನಿನ ಹತ್ತಿರವೂ ತರಬೇಡಿ, ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಪರೀಕ್ಷೆ ಸುಲಭ: ವಾಲ್ವಿನ ಸಂದಿಗೆ ದಾರ ಸಿಕ್ಕಿಸಿ, ಪಾತ್ರೆಯ ನೀರಲ್ಲಿ ನೇತುಹಾಕಿ ಕಾಯಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ತೆರೆದಾಗ ದಾರದಿಂದ ಕಳಚಿ ಬೀಳುತ್ತದೆ. ಇಂಥ ಮೋಟಾರುಗಳಲ್ಲಿ ಸಾಮಾನ್ಯವಾಗಿ 50ರಿಂದ 60 ಡಿಗ್ರಿಯೊಳಗೆ ತೆರೆಯಬೇಕು. ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಿ ಮತ್ತೊಮ್ಮೆ ಡ್ರಮ್ಮಿನಲ್ಲಿ ಓಡಿಸುವಾಗ ಸಿಲಿಂಡರ್ ಹೆಡ್ಡಿನ ಮೇಲೆ ಕೈ ಇಟ್ಟು ನೋಡಿ. ಬಿಸಿ ಏರುತ್ತಾ ಹೋಗಿ, ಒಂದು ಹಂತದಲ್ಲಿ ನಿಂತು ಸ್ವಲ್ಪ ಇಳಿದರೆ ಥರ್ಮೋಸ್ಟಾಟ್ ಬಾಯಿ ಬಿಟ್ಟಿತೆಂದೇ ಅರ್ಥ. ಕೈ ಇಡಲಾರದಷ್ಟು ಕಾಯುತ್ತಲೇ ಹೋದರೆ ತಕ್ಷಣ ನಿಲ್ಲಿಸಿ.

ಕಡಲ ಮೋಟಾರಿಗೆ ಸತುವಿನ ಆನೋಡ್ (ತಾನು ಸವೆದು ಮೋಟಾರಿನ ಲೋಹವನ್ನು ಉಳಿಸುವ ತುಂಡು) ಇರುತ್ತದೆ. ಸಿಹಿ ನೀರಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಹಾಗಾಗಿ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂನದು ಹಾಕಿ. ಅದಕ್ಕೆ ಬಣ್ಣ ಬಳಿಯಬಾರದು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಿಂದ ನೀರು ಒಳಗೆ ಹೋಗಿದೆ.

ಇಷ್ಟಾದ ಮೇಲೆ ಜಲಾಶಯದಲ್ಲಿ ತೊಳೆಯುವ ಕೆಲಸ ಇಲ್ಲವೆಂದಲ್ಲ. ಅಲ್ಲಿ ಉಪ್ಪಿನ ಜಾಗಕ್ಕೆ ಹೂಳು ಬರುತ್ತದೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗಿನಂತೆ ವೇದಾವತಿಯ ಹೊಸ ನೀರು ನುಗ್ಗುವ ದಿನಗಳಲ್ಲಿ ಸಣ್ಣ ಮರಳು ಇಂಪೆಲ್ಲರಿನ ಕೆಳಗಿನ ಸ್ಟೀಲ್ ತಟ್ಟೆಯ ಮೇಲೆ ಗೀರು ಹಾಕುತ್ತದೆ, ಪಂಪಿನ ಒತ್ತಡ ಇಳಿಯುತ್ತದೆ. ಸೂಳೆಕೆರೆಯಂತೆ ಹೂಳು ತುಂಬಿದ ಕಡೆ ಜಾಲರಿಗೆ ಜೊಂಡೂ ಸುತ್ತುತ್ತದೆ. ಕೆಂಪು ನೀರಲ್ಲಿ ಓಡಿಸಿದ ದಿನ ಹತ್ತು ನಿಮಿಷ ಡ್ರಮ್ಮಿನ ತಿಳಿನೀರಲ್ಲಿ ಓಡಿಸಿ.

ತೊಳೆದ ಮೋಟಾರನ್ನು ನೆಟ್ಟಗೆ ನಿಲ್ಲಿಸಿಯೇ ಇಡಿ, ಒಳಗಿನ ನೀರೆಲ್ಲ ಬಸಿಯಲಿ. ತಕ್ಷಣ ಮಲಗಿಸಿದರೆ ಕೆಳಗಿನ ನೀರು ಹೊಗೆ ದಾರಿಯಿಂದ ಸಿಲಿಂಡರಿಗೆ ಹೋಗಬಹುದು. ವಾರಗಟ್ಟಲೆ ನಿಲ್ಲುವುದಾದರೆ ಧಾರೆಯ ತೂತಿಗೆ ಒಂದು ಚೂರು ಬಟ್ಟೆ ತುರುಕಿ. ಇಲ್ಲದಿದ್ದರೆ ಕುಂಬಾರ ಹುಳ ಅಲ್ಲೇ ಮಣ್ಣಿನ ಗೂಡು ಕಟ್ಟುತ್ತದೆ, ಅದನ್ನು ತೆಗೆಯಲು ತೆಳು ತಂತಿ ಬೇಕಾಗುತ್ತದೆ. ಬಟ್ಟೆಯ ತುದಿ ಹೊರಗೆ ನೇತಾಡುತ್ತಿರಲಿ, ಚಾಲೂ ಮಾಡುವ ಮುಂಚೆ ಕಣ್ಣಿಗೆ ಬೀಳುವಂತೆ.