ಎಳೆಯುವ ಬಲ ಮತ್ತು ಹೊರುವ ಬಲ

ದೊಡ್ಡ ಟ್ರೈಲರ್ ಎಳೆಯಲು ತಕ್ಕ ಪಿಕಪ್ ಟ್ರಕ್ ಆರಿಸಲು ಹೋದ ದಿನ, ಮಾರಾಟಗಾರರು ಮತ್ತೆ ಮತ್ತೆ ಹೇಳಿದ್ದು ಒಂದೇ ಸಂಖ್ಯೆಯನ್ನು: ಈ ಗಾಡಿ 4,500 ಕೆ.ಜಿ. ಎಳೆಯುತ್ತದೆ. ಸಾಮಾನು ತುಂಬಿದ ನಮ್ಮ ಟ್ರೈಲರ್ ತೂಗುತ್ತಿದ್ದುದು 3,500 ಕೆ.ಜಿ. ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕಡಿದಾದ ಇಳಿಜಾರು ಇಳಿಯಬೇಕಾದ ವಾಹನವನ್ನು ಆ ಒಂದು ಅಂಕಿ ನಂಬಿ ಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ.

ಚಾಲಕನ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯನ್ನು ಬಗ್ಗಿ ಓದಿದೆ. ಪ್ರಯಾಣಿಕರೂ ಸರಕೂ ಸೇರಿ 640 ಕೆ.ಜಿ. ಮೀರಬಾರದು ಎಂದು ಅದರಲ್ಲಿತ್ತು. ಟ್ರೈಲರ್‌ನ ಮೂತಿ ಟ್ರಕ್ಕಿನ ಹಿಂದಿನ ಕೊಂಡಿಯ, ಅಂದರೆ ಹಿಚ್ಚಿನ, ಮೇಲೆ ಒತ್ತುವ ಭಾರವೂ ಈ ಮಿತಿಯೊಳಗೇ ಬರಬೇಕೆಂಬುದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಇಂಥ ಟ್ರೈಲರ್‌ಗಳಿಗೆ ಆ ಭಾರ ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು. ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಅತ್ತಿತ್ತ ತೂರಾಡುತ್ತದೆ; ಟ್ರಕ್ ತಾಳುವುದಕ್ಕಿಂತ ಹೆಚ್ಚಾದರೆ ಅದರ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ಮತ್ತು ಬ್ರೇಕ್ ಎರಡರ ಹಿಡಿತವೂ ಸಡಿಲವಾಗುತ್ತದೆ. ಶೇ. 13ರಂತೆ ಹಿಡಿದರೂ 455 ಕೆ.ಜಿ. ಅಲ್ಲೇ ಹೋಯಿತು, ಹಿಚ್ಚಿನ ಸಲಕರಣೆಗೆ 40 ಕಳೆದರೆ ಉಳಿದದ್ದು 145. ನಾವು ನಾಲ್ವರು. ಎಳೆಯುವ ಸಾಮರ್ಥ್ಯ ನಿಗದಿಪಡಿಸುವ, ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಮಾನದಂಡದಲ್ಲಿ ತಲಾ ಸುಮಾರು 68 ಕೆ.ಜಿ.ಯ ಇಬ್ಬರನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

"ಹಿಂದೆ ಏರ್ ಸ್ಪ್ರಿಂಗ್ ಹಾಕಿಸಿಬಿಡಿ ಸರ್, ಗಾಡಿ ಕೂರುವುದಿಲ್ಲ" ಎಂದರು ಮಾರಾಟಗಾರರು. ಗಾಳಿ ತುಂಬುವ ಆ ಸ್ಪ್ರಿಂಗ್ ಕುಸಿದ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ನಿಜ. ಆದರೆ ಆಕ್ಸಲ್, ಟೈರು, ಚಾಸಿಗಳ ಮಿತಿಯನ್ನು ಅದು ಒಂದು ಕೆ.ಜಿ.ಯಷ್ಟೂ ಹೆಚ್ಚಿಸುವುದಿಲ್ಲ; ಹಾಗಾಗಿ ಅವರ ಸಲಹೆಗೆ ನಾನು ಒಪ್ಪಲಿಲ್ಲ.

ಕೊನೆಗೆ ಆರಿಸಿದ್ದು ಒಂದು ದರ್ಜೆ ಮೇಲಿನ ಡೀಸೆಲ್ ಟ್ರಕ್ಕನ್ನು. ಅದರ ಚೀಟಿಯಲ್ಲಿ 1,350 ಕೆ.ಜಿ. ಇತ್ತು. ಬೆಲೆ ಹೆಚ್ಚು, ಖಾಲಿ ಓಡುವಾಗ ಸವಾರಿ ಬಿರುಸು. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಉದ್ದವಾದಷ್ಟೂ ಟ್ರೈಲರ್‌ಗೆ ಟ್ರಕ್ಕನ್ನು ಪಕ್ಕಕ್ಕೆ ತಳ್ಳುವುದು ಕಷ್ಟವಾಗುತ್ತದೆ. ಇಳಿಜಾರಿನಲ್ಲಿ, ಎಂಜಿನ್ನಿನ ಹೊಗೆ ಹೊರಹೋಗುವುದನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ವೇಗವನ್ನು ಹಿಡಿದಿಡುವುದರಿಂದ ಚಕ್ರದ ಬ್ರೇಕುಗಳು ಕಾದು ಸೋಲುವ ಭಯ ಕಡಿಮೆ. ಎಂಜಿನ್ನಿನ ಅಶ್ವಶಕ್ತಿಗಿಂತ ಈ ಎರಡು ಗುಣಗಳೇ ನನಗೆ ಮುಖ್ಯವೆನಿಸಿದವು.

ಟ್ರಕ್ ಕೈಗೆ ಬಂದ ಮೇಲೆ ಮೊದಲು ಹೋದದ್ದು ವೇಬ್ರಿಡ್ಜ್‌ಗೆ. ಟ್ರೈಲರ್ ಇಲ್ಲದೆ ಮುಂದಿನ ಆಕ್ಸಲ್ 1,720 ಕೆ.ಜಿ. ತೋರಿಸಿತು. ಜೋಡಿಸಿದೊಡನೆ ಅದು 1,550ಕ್ಕೆ ಇಳಿದಾಗ, ಹಿಂದೆ ಕೂತ ಭಾರ ಮುಂದಿನ ಚಕ್ರಗಳನ್ನು ಹೇಗೆ ಎತ್ತುತ್ತದೆಂಬುದು ಕಣ್ಣೆದುರೇ ಕಾಣಿಸಿತು. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಹಿಚ್ಚಿನ ಸರಳುಗಳನ್ನು ಬಿಗಿದ ಮೇಲೆ 1,640ಕ್ಕೆ ಮರಳಿತು. ಕೈಪಿಡಿ ಬಯಸಿದಂತೆ, ಕಳೆದ ತೂಕದ ಅರ್ಧಕ್ಕಿಂತ ತುಸು ಹೆಚ್ಚು. ಅಲ್ಲೇ ಅಂಗಳದಲ್ಲಿ ನಿಧಾನವಾಗಿ ಓಡಿಸುತ್ತ, ಟ್ರೈಲರ್ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ, ಅದರ ಚಕ್ರಗಳು ಜಾಮ್ ಆಗದೆ ಇಡೀ ಗಾಡಿಯನ್ನು ಹಿಡಿದು ನಿಲ್ಲಿಸುವಷ್ಟು ಬಲವನ್ನು ಹೊಂದಿಸಿಕೊಂಡ ನಂತರವೇ ಹೆದ್ದಾರಿಗೆ ಹೊರಟೆ.