ಪಾಡಾದ ಹುಡುಗರು ಮುಂದೆ, ಸಂಘದವರು ಹಿಂದೆ: ಸಿಕಲ್ ಸೆಲ್ ತಪಾಸಣೆ ಮಾಡಿಸುವ ಬಗೆ

ಮುಂಬಯಿಯ ಕನ್ನಡ ಸಂಘಗಳಿಗೆ ಆರೋಗ್ಯ ಶಿಬಿರ ಹೊಸದಲ್ಲ. ಸಕ್ಕರೆ, ಬಿಪಿ, ಕಣ್ಣು ಮೂರನ್ನೂ ಒಂದೇ ಭಾನುವಾರ ಮುಗಿಸಿ, ಮಧ್ಯಾಹ್ನ ಪಲಾವು ಬಡಿಸಿ, ಅತಿಥಿಗೆ ಶಾಲು ಹೊದಿಸಿ ಕಳಿಸುವುದು ನಮಗೆ ನೀರು ಕುಡಿದಷ್ಟು ಸಲೀಸು. ಅದೇ ಅಚ್ಚನ್ನು ಗೋರೆಗಾಂವ್ ಆರೇಯ ಆದಿವಾಸಿ ಪಾಡಾಗಳಿಗೆ, ಅಂದರೆ ಹಾಡಿಗಳಿಗೆ, ಒಯ್ದು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ತಪಾಸಣೆಗೆ ಬಳಸಿದರೆ ಕೆಲಸ ಕೆಡುತ್ತದೆ. ಸಕ್ಕರೆಯ ಅಂಕಿ ಅಲ್ಲೇ ಕೈಗೆ ಸಿಗುತ್ತದೆ, ತಪ್ಪಿದ್ದರೆ ನಾಳೆ ಇನ್ನೊಂದು ಕಡೆ ನೋಡಿಸಿಕೊಳ್ಳಬಹುದು. ಸಿಕಲ್ ಸೆಲ್‌ನ ಫಲಿತಾಂಶ ಬರಲು ದಿನಗಳು ಬೇಕು, ಬಂದಾಗ ಅದು ಒಬ್ಬರಿಗಷ್ಟೇ ಸೇರಿದ್ದೂ ಅಲ್ಲ. ಅಪ್ಪ, ಅಮ್ಮ, ತಂಗಿ, ಮಾತುಕತೆ ನಡೆದಿರುವ ಹುಡುಗಿ, ಎಲ್ಲರ ಮನೆಗೂ ಅದು ಹೋಗುತ್ತದೆ. ಆದ್ದರಿಂದ ಈ ಕೆಲಸದ ಹಿಡಿತ ಪಾಡಾದ ಯುವಕ ಯುವತಿಯರ ಕೈಯಲ್ಲಿರಬೇಕು. ಸಂಘದವರು ಕುರ್ಚಿ ಹೊರುವುದಕ್ಕೆ, ದುಡ್ಡು ಹೊಂದಿಸುವುದಕ್ಕೆ, ಆಸ್ಪತ್ರೆಯಲ್ಲಿ ಸಾಲು ನಿಲ್ಲುವುದಕ್ಕೆ.

ರೋಗದ ವಿಷಯ ಚುಟುಕಾಗಿ. ಕೆಂಪು ರಕ್ತಕಣ ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ರಕ್ತ ಹೋಗದೆ ಮೂಳೆ, ಕೀಲುಗಳಲ್ಲಿ ಪ್ರಾಣ ಹೋಗುವಂಥ ನೋವು. ದೋಷದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದರೆ ರೋಗ, ಒಬ್ಬರಿಂದ ಮಾತ್ರ ಬಂದರೆ ವಾಹಕ. ವಾಹಕರಿಗೆ ಮಲೇರಿಯಾದ ಮಾರಕ ಬಗೆಯಿಂದ ಒಂದಿಷ್ಟು ರಕ್ಷಣೆ ಇದೆ. ಮಲೇರಿಯಾ ಕಾಡುವ ಅರಣ್ಯ ಪ್ರದೇಶದ ಸಮುದಾಯಗಳಲ್ಲಿ ಈ ಜೀನ್ ತಲೆಮಾರುಗಳಿಂದ ಉಳಿದುಕೊಂಡಿರುವುದು ಅದಕ್ಕೇ. ಭಾರತದಲ್ಲಿ ಇದು ಮೊದಲು ಬೆಳಕಿಗೆ ಬಂದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ನಮ್ಮ ಕಡೆಯ ಜೇನುಕುರುಬರಲ್ಲೂ ಇದೆ. ‘ಅವರ ಕಾಯಿಲೆ’ ಎಂಬ ಧಾಟಿಯಲ್ಲಿ ಮಾತಾಡುವ ಸ್ವಯಂಸೇವಕರನ್ನು ಆ ದಿನ ಪಲಾವಿನ ಪಾತ್ರೆಯ ಹತ್ತಿರ ನಿಲ್ಲಿಸಿದರೆ ಒಳ್ಳೆಯದು. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದ ಗುರಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ. ಆದ್ದರಿಂದ ಸಂಘವೇ ಕಿಟ್ ಕೊಂಡು ಸ್ವಂತವಾಗಿ ಇಳಿಯುವ ಮೊದಲು ಪಾಲಿಕೆಯ ಆರೋಗ್ಯ ಕೇಂದ್ರಕ್ಕೆ ಪತ್ರ ಕೊಡಿ. ಸೂಜಿ ಹಿಡಿಯುವವರು ತರಬೇತಿ ಪಡೆದ ನರ್ಸ್ ಅಥವಾ ಲ್ಯಾಬ್ ಟೆಕ್ನಿಷಿಯನ್ ಮಾತ್ರ. ಎಷ್ಟೇ ಚುರುಕಾದ ಹುಡುಗನಾದರೂ ಬೇರೆಯವರ ಕೈಗೆ ಅದು ಹೋಗಕೂಡದು.

ಮುಂದಾಳುಗಳ ಆಯ್ಕೆಯಲ್ಲೇ ಅರ್ಧ ತಪ್ಪುಗಳು ಆಗುತ್ತವೆ. ಹೊರಗಿನಿಂದ ಹೋದವರು ಚೆನ್ನಾಗಿ ಹಿಂದಿ ಮಾತಾಡುವ ಹುಡುಗನನ್ನು ಹಿಡಿಯುತ್ತಾರೆ. ಅವನ ಮಾತು ನಮಗೆ ಅರ್ಥವಾಗುತ್ತದೆ ಎಂಬುದಷ್ಟೇ ಅವನ ಅರ್ಹತೆ. ಅದರ ಬದಲು ಹತ್ತು ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿ: ‘ರಾತ್ರಿ ಹೊತ್ತು ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾದರೆ ಮೊದಲು ಯಾರನ್ನು ಕೂಗುತ್ತೀರಿ?’ ಮೂರು ಬಾರಿ ಬಂದ ಹೆಸರನ್ನು ಬರೆದುಕೊಳ್ಳಿ. 100 ಮನೆಗಳ ಪಾಡಾಕ್ಕೆ ಆರು ಜನ ಸಾಕು, ಕನಿಷ್ಠ ಮೂವರು ಹುಡುಗಿಯರು, ಅವರಲ್ಲಿ ಒಬ್ಬಳು ಮದುವೆಯಾಗಿ ಆ ಪಾಡಾಕ್ಕೆ ಬಂದ ಸೊಸೆ. ಬಸಿರು, ಗರ್ಭಪಾತದ ಮಾತು ಬಂದಾಗ ಹೆಂಗಸರು ಬಾಯಿ ಬಿಡುವುದು ಅವಳ ಹತ್ತಿರ. ಪಾಲಿಕೆಯ ಆರೋಗ್ಯ ಸೇವಿಕೆಯನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಅವಳನ್ನು ಬಿಟ್ಟು ಮಾಡಿದ ಪಟ್ಟಿಯನ್ನು ಆರೋಗ್ಯ ಕೇಂದ್ರದಲ್ಲಿ ಯಾರೂ ಮುಟ್ಟುವುದಿಲ್ಲ.

ಇನ್ನು ದುಡ್ಡು. ಈ ಆರು ಜನ ತರಬೇತಿಗೆ, ಶಿಬಿರಕ್ಕೆ ಬಂದ ದಿನ ಕೂಲಿ ತಪ್ಪುತ್ತದೆ. ಪೂರ್ತಿ ದಿನಗೂಲಿ ಕೊಡಿ, ಅದೂ ಅದೇ ಸಂಜೆ. ಪುಕ್ಕಟೆ ಸೇವೆ ತಿಂಗಳ ಸಂಬಳ ಬರುವವರಿಗೆ ಚೆಂದ. ಶಾಲು, ಹಾರ, ಸ್ಮರಣಿಕೆಯ ಖರ್ಚು ಉಳಿಸಿದರೆ ಈ ಬಾಬತ್ತಿಗೆ ಬೇರೆ ದೇಣಿಗೆ ಎತ್ತುವ ಅಗತ್ಯವೇ ಬೀಳುವುದಿಲ್ಲ.

ತರಬೇತಿಗೆ ಮೂರು ಅರ್ಧ ದಿನ. ಮೊದಲನೆಯದರಲ್ಲಿ ಆನುವಂಶಿಕತೆ, ಅದೂ ಕಾಳು ಬಳಸಿ. ಎರಡು ಚೀಲ ತೆಗೆದುಕೊಳ್ಳಿ, ಒಂದು ಅಪ್ಪನದು, ಒಂದು ಅಮ್ಮನದು. ಇಬ್ಬರೂ ವಾಹಕರಾದರೆ ಪ್ರತಿ ಚೀಲದಲ್ಲಿ ಒಂದು ಬಿಳಿ, ಒಂದು ಕಪ್ಪು ಕಾಳು. ಕಣ್ಣು ಮುಚ್ಚಿ ಒಂದೊಂದು ಎತ್ತಿದರೆ ಅದೇ ಮಗು. ಎರಡೂ ಕಪ್ಪಾದರೆ ರೋಗ. ಆಮೇಲೆ ಕಾಳನ್ನು ಮರಳಿ ಚೀಲಕ್ಕೆ ಹಾಕುವುದನ್ನು ಮರೆಯಬೇಡಿ, ಪಾಠವೆಲ್ಲ ಇರುವುದು ಆ ಮರಳಿ ಹಾಕುವುದರಲ್ಲೇ. ‘ನಾಲ್ಕು ಮಕ್ಕಳಲ್ಲಿ ಒಂದಕ್ಕೆ’ ಎಂದು ಬಾಯಲ್ಲಿ ಹೇಳಿದರೆ, ಮೊದಲ ಮಗುವಿಗೆ ರೋಗ ಬಂದ ತಾಯಿ ಉಳಿದ ಮೂವರು ಪಾರು ಎಂದುಕೊಳ್ಳುತ್ತಾಳೆ. ಪ್ರತಿ ಬಸಿರಿನಲ್ಲೂ ರೋಗದ ಸಾಧ್ಯತೆ ಮತ್ತೆ ಅದೇ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50.

ಎರಡನೆಯ ದಿನ ರಿಜಿಸ್ಟರ್ ಮತ್ತು ಮಾತು. ‘ವಾಹಕ’ ಎಂಬ ಪದದಲ್ಲೊಂದು ಮೋಜಿದೆ. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ವಾಹಕ ಎಂದರೆ ಕಂಡಕ್ಟರ್, ನಮ್ಮ ಕೆಎಸ್‌ಆರ್‌ಟಿಸಿಯ ನಿರ್ವಾಹಕನ ಹಾಗೆ. ಪಾಡಾದ ಹುಡುಗರಿಗೆ ಇದನ್ನೇ ಬಳಸಲು ಹೇಳಿ: ಕಂಡಕ್ಟರ್ ಚೀಲ ಹೊತ್ತಿರುತ್ತಾನೆ, ಬಸ್ಸು ಓಡಿಸುವುದಿಲ್ಲ. ವಾಹಕರು ಜೀನ್ ಹೊತ್ತಿರುತ್ತಾರೆ, ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರು, ತಂದೆಯ ಹೆಸರು, ಪಾಡಾ, ವಯಸ್ಸು, ಪಕ್ಕದ ಮನೆಯ ಫೋನು. ತಂದೆಯ ಹೆಸರು ಬಿಟ್ಟರೆ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಒಬ್ಬರಿಗಿಂತ ಹೆಚ್ಚು ಸಿಕ್ಕಿ, ಯಾರ ಫಲಿತಾಂಶ ಯಾರದೋ ಆಗುತ್ತದೆ. ಟ್ಯೂಬಿನ ಮೇಲೆ ಸಂಖ್ಯೆಯ ಜೊತೆ ಹೆಸರಿನ ಮೊದಲಕ್ಷರವೂ ಇರಲಿ.

ದಿನ ಗೊತ್ತು ಮಾಡುವುದು ಪಾಡಾದವರ ಕೆಲಸ. ಆರೇಯಲ್ಲಿ ಹೆಂಗಸರು ಮನೆಗೆಲಸಕ್ಕೆ, ತರಕಾರಿ ಮಾರಾಟಕ್ಕೆ ಹೋಗುತ್ತಾರೆ. ಸಂಜೆ ಇಡೋಣವೆಂದರೆ ಚಿರತೆಯ ಓಡಾಟ. ಭಾನುವಾರ ಬೆಳಿಗ್ಗೆ 8ರಿಂದ 1 ಸರಿಹೊಂದುತ್ತದೆ. ಪಾಲ್ಘರ್ ಜಿಲ್ಲೆಯ ಜವ್ಹಾರ್, ಮೋಖಾಡಾ ಕಡೆ ಹೋಗುವವರು ಜುಲೈಯ ಭತ್ತದ ನಾಟಿಯನ್ನು, ದೀಪಾವಳಿಯ ನಂತರದ ವಲಸೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಇಟ್ಟಿಗೆ ಭಟ್ಟಿಗೆ ಊರೇ ಹೊರಟು ಹೋದ ಮೇಲೆ ಶಿಬಿರ ಇಟ್ಟರೆ ಮುದುಕರಷ್ಟೇ ಸಿಗುತ್ತಾರೆ.

ಒಬ್ಬ ಟೆಕ್ನಿಷಿಯನ್‌ಗೆ ಒಂದು ಬೆಳಿಗ್ಗೆ 60 ಜನ ಸಾಕು. ಮೊದಲ ಹಂತದ್ದು ಸಾಲ್ಯುಬಿಲಿಟಿ ಪರೀಕ್ಷೆ, ರಕ್ತ ದ್ರಾವಣದಲ್ಲಿ ಕರಗುತ್ತದೋ ಕದಡುತ್ತದೋ ಎಂದು ನೋಡುವುದು. ಅದಕ್ಕೆ ಒಬ್ಬರಿಗೆ 2 ಮಿಲಿ ದ್ರಾವಣ, ಬೆರಳಿನಿಂದ 20 ಮೈಕ್ರೋಲೀಟರ್ ರಕ್ತ. 60 ಜನರಿಗೆ 120 ಮಿಲಿ, ಚೆಲ್ಲುವುದು ಮತ್ತು ಮರುಪರೀಕ್ಷೆಗೆಂದು ಸೇರಿಸಿ 150 ಮಿಲಿ ಇರಲಿ. ದ್ರಾವಣ ಫ್ರಿಜ್‌ನಿಂದ ನೇರ ಬಂದದ್ದಾದರೆ ಸಾಮಾನ್ಯ ತಾಪಮಾನಕ್ಕೆ ಬರುವ ತನಕ ಕಾಯಿರಿ. ತಣ್ಣಗಿದ್ದರೆ, ಹಳತಾಗಿದ್ದರೆ ರೋಗವಿದ್ದರೂ ಇಲ್ಲವೆಂದು ತೋರಿಸುತ್ತದೆ. ಪ್ರತಿ ದಿನ ಮೊದಲು ಒಂದು ಗೊತ್ತಿರುವ ವಾಹಕ ಮಾದರಿ, ಒಂದು ಸಾಮಾನ್ಯ ಮಾದರಿ ಹಾಕಿ ನೋಡದೆ ಜನರನ್ನು ಕೂರಿಸಬಾರದು. ಐದು ನಿಮಿಷದ ನಂತರ ಟ್ಯೂಬಿನ ಹಿಂದೆ ಕಪ್ಪು ಗೆರೆಗಳ ಕಾರ್ಡು ಹಿಡಿಯಿರಿ. ಗೆರೆ ಕಂಡರೆ ಸಾಮಾನ್ಯ, ಮಜ್ಜಿಗೆಯಂತೆ ಕದಡಿ ಗೆರೆ ಮರೆಯಾದರೆ ಮುಂದಿನ ಪರೀಕ್ಷೆ ಬೇಕು.

ಈ ಪರೀಕ್ಷೆ ಮೋಸ ಮಾಡುವ ಜಾಗಗಳಿವೆ. ಆರು ತಿಂಗಳೊಳಗಿನ ಕೂಸಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಜಾಸ್ತಿ, ಫಲಿತಾಂಶ ನಂಬುವ ಹಾಗಿಲ್ಲ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರದೂ ಹಾಗೇ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದರೆ ಟ್ಯೂಬ್ ಕದಡುವಷ್ಟು ಕಣಗಳೇ ಇರುವುದಿಲ್ಲ, ಟೆಕ್ನಿಷಿಯನ್ ರಕ್ತದ ಪ್ರಮಾಣ ಇಮ್ಮಡಿ ಮಾಡಿ ನೋಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಮಿತಿ, ಇದು ರೋಗಿಯನ್ನೂ ವಾಹಕನನ್ನೂ ಬೇರೆ ಮಾಡಲಾರದು. ಅದಕ್ಕೆ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದ ಪರೀಕ್ಷೆ ಬೇಕು: ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2 ಮಿಲಿ ರಕ್ತ, 2ರಿಂದ 8 ಡಿಗ್ರಿಯ ಪೆಟ್ಟಿಗೆಯಲ್ಲಿ, ಅದೇ ದಿನ ಲ್ಯಾಬಿಗೆ. ಟ್ಯೂಬಿಗೆ ಮಂಜುಗಡ್ಡೆ ನೇರ ತಾಗಿದರೆ ಕಣ ಒಡೆದು ಎಲ್ಲ ವ್ಯರ್ಥ. ನಡುವೆ ದಪ್ಪ ರಟ್ಟೋ ಬಟ್ಟೆಯೋ ಇರಲಿ. ಮುಂಬಯಿಯಲ್ಲಿರುವವರಿಗೆ ಒಂದು ಅನುಕೂಲ, ರಕ್ತರೋಗಗಳಿಗೆಂದೇ ಇರುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಾಷ್ಟ್ರೀಯ ಸಂಸ್ಥೆ ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ಇದೆ. ಬಳಸಿದ ಸೂಜಿಗಳು ಚುಚ್ಚಲಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಎರಡೂ ಆಸ್ಪತ್ರೆಗೆ ವಾಪಸ್. ಪಾಡಾದ ಬದಿಯಲ್ಲಿ ಸುಟ್ಟು ಬರುವ ಶಿಬಿರಗಳು ಇವೆ, ಅಲ್ಲಿ ಬರಿಗಾಲ ಮಕ್ಕಳು ಆಡುತ್ತಾರೆ.

ಕದಡಿದ ಟ್ಯೂಬಿನ ಮುಂದೆ ಯಾರೂ ‘ಅಯ್ಯೋ’ ಎನ್ನಬಾರದು, ಫೋಟೋ ತೆಗೆಯಬಾರದು. ಗೆರೆ ಕಾರ್ಡು ನೋಡುವ ಮೇಜು ಸಾಲಿಗೆ ಬೆನ್ನು ಹಾಕಿರಲಿ. ಫಲಿತಾಂಶ ನಾಲ್ಕು ಜನಕ್ಕೆ ಗೊತ್ತಾಗಿ ಮದುವೆ ಮುರಿದರೆ ಪಾಡಾ ಇನ್ನೆಂದೂ ತೋಳು ಚಾಚುವುದಿಲ್ಲ. ಮಗುವಿನ ಪರೀಕ್ಷೆಗೆ ತಾಯಿ ಅಥವಾ ತಂದೆಯ ಒಪ್ಪಿಗೆ, ಹರೆಯದ ಹುಡುಗಿಯನ್ನು ಪ್ರತ್ಯೇಕವಾಗಿ ಅವಳನ್ನೂ ಕೇಳಿ.

ಫಲಿತಾಂಶ ಮರಳಿ ಕೊಡುವ ತಾರೀಕನ್ನು ಶಿಬಿರದ ದಿನವೇ ಚೀಟಿಯಲ್ಲಿ ಬರೆದು ಕೊಡಿ. 15 ದಿನ ಎಂದರೆ 15ನೆಯ ದಿನ ಹೋಗಬೇಕು. ವರದಿ ಬಂದಿರದಿದ್ದರೆ ಬಂದಿಲ್ಲ ಎಂದು ಹೇಳುವುದಕ್ಕಾದರೂ ಹೋಗಬೇಕು. ಮೂರನೆಯ ತರಬೇತಿ ಪೂರ್ತಿ ಇದಕ್ಕೇ: ಮುಚ್ಚಿದ ಲಕೋಟೆ, ಒಂದು ಮನೆಯಲ್ಲಿ ಅರ್ಧ ಗಂಟೆ, ಮೊದಲು ಅವರ ಪ್ರಶ್ನೆ, ಆಮೇಲೆ ನಮ್ಮ ಮಾತು. ಅತ್ತೆಯ ಎದುರು ಸೊಸೆಯ ವರದಿ ಓದುವ ತಪ್ಪನ್ನು ನಾಟಕದಂತೆ ಆಡಿ ತೋರಿಸಿದರೆ ಹುಡುಗರು ಮರೆಯುವುದಿಲ್ಲ. ನೋವು ಬಂದಾಗ ಜನ ಮೊದಲು ಭಗತನ, ಅಂದರೆ ಪಾಡಾದ ಮಂತ್ರವೈದ್ಯನ, ಹತ್ತಿರ ಹೋಗುತ್ತಾರೆ. ಅವನನ್ನು ಹೀಯಾಳಿಸಿದವರಿಗೆ ಆ ಪಾಡಾದಲ್ಲಿ ಕೆಲಸ ಮುಗಿದಂತೆ. 101 ಡಿಗ್ರಿ ಜ್ವರ, ಉಸಿರಾಟದ ತೊಂದರೆ, ಹೊಟ್ಟೆಯ ಎಡಭಾಗ ಊದಿದ ಮಗು, ಈ ಮೂರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸುವಂತೆ ಅವನನ್ನೇ ಕೇಳಿಕೊಳ್ಳಿ. ವಾರ್ಲಿ ಆದಿವಾಸಿಗಳ ಮದುವೆ ನಡೆಸಿಕೊಡುವ ಧವಳೇರಿ ಅಜ್ಜಿಯರ ಜೊತೆಯೂ ಮಾತಾಡಿ. ಮದುವೆಗೆ ಮುನ್ನ ಪರೀಕ್ಷೆ ಎಂಬ ಮಾತು ಅವರ ಬಾಯಲ್ಲಿ ಬಂದರೆ ಅದರ ತೂಕವೇ ಬೇರೆ.

ರೋಗ ಖಚಿತವಾದವರ ಹಿಂದೆ ವರ್ಷಗಟ್ಟಲೆ ಓಡಾಟವಿದೆ. ವೈದ್ಯರು ನೋವಿನ ಕಾಟ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಬರೆದರೆ ರಕ್ತಕಣಗಳ ಎಣಿಕೆ ಆಗಾಗ ಮಾಡಿಸಬೇಕು, ಮಾತ್ರೆ ತಾನೇ ನಿಲ್ಲಿಸಬಾರದು. ‘ರಕ್ತ ಕಡಿಮೆ’ ಎಂದು ಕಬ್ಬಿಣದ ಮಾತ್ರೆ ತಾನಾಗಿ ನುಂಗಿಸುವುದು ಬೇಡ. ಪದೇ ಪದೇ ರಕ್ತ ಹಾಕಿಸಿಕೊಂಡವರ ದೇಹದಲ್ಲಿ ಕಬ್ಬಿಣ ಮೊದಲೇ ಹೆಚ್ಚಿರಬಹುದು. ನೀರು ಧಾರಾಳ, ಚಳಿಗೆ ಮೈ ಒಡ್ಡುವುದು ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸಿಕಲ್ ಸೆಲ್ ರೋಗವೂ ಇದೆ, ಹಾಗಾಗಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಬಹುದು. ಸಂಘದವರು ನಿಜಕ್ಕೂ ಬೇಕಾಗುವುದು ಇಲ್ಲಿ: ಕೇಸ್ ಪೇಪರ್ ಸಾಲಿನಲ್ಲಿ ಬೆಳಿಗ್ಗೆ ಬೇಗ ನಿಲ್ಲಲು, ರೋಗಿಯ ಜೊತೆ ಲೋಕಲ್‌ನಲ್ಲಿ ಹೋಗಿ ಬರಲು. ಇಬ್ಬರೂ ವಾಹಕರಾದ ದಂಪತಿಯ ಬಸಿರು ಗೊತ್ತಾದರೆ ಕಾಯಬೇಡಿ, ಗರ್ಭದ ಕೂಸಿಗೆ ರೋಗವಿದೆಯೇ ಎಂದು ನೋಡುವ ಪರೀಕ್ಷೆಗೆ 10ರಿಂದ 12ನೆಯ ವಾರ ಮುಖ್ಯ.

ರಿಜಿಸ್ಟರಿನ ಮೂಲ ಪ್ರತಿ ಪಾಡಾದಲ್ಲೇ ಇರಲಿ, ಸಂಘದ ಕಪಾಟಿನಲ್ಲಲ್ಲ. ಮಳೆಗಾಲಕ್ಕೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಒಂದು ಕೀಲಿ ಆರೋಗ್ಯ ಸೇವಿಕೆಯ ಹತ್ತಿರ, ಇನ್ನೊಂದು ಆ ಆರು ಜನರಲ್ಲಿ ಒಬ್ಬ ಹುಡುಗಿಯ ಹತ್ತಿರ.